ಹದಿನೈದು ನಿಮಿಷಕ್ಕೊಮ್ಮೆ ಇಣುಕಿದರೆ ಸಾಕಾ?

ಮಗನ ನಾಲಿಗೆ ಗಾಯವಾಗಿತ್ತು. ಹಲ್ಲು ಕಚ್ಚಿಕೊಂಡ ಗಾಯ. ನೋಡಿದ ಕೂಡಲೇ ತಾಯಿಗೆ ಅನುಮಾನ ಬಂತು, ಇವನಿಗೆ ಫಿಟ್ಸ್ ಬಂದಿರಬೇಕು ಅಂತ. ಆಸ್ಪತ್ರೆಯವರಿಗೆ ಬರೆದು ತಿಳಿಸಿದರು. ಆದರೆ ಅಲ್ಲಿಯವರು ಅದು ಫಿಟ್ಸ್ ಅಲ್ಲ ಅಂತ ತೀರ್ಮಾನಿಸಿಬಿಟ್ಟರು.

ಇದು 2013ರ ಮೇ ತಿಂಗಳ ಮಾತು. ಊರು ಇಂಗ್ಲೆಂಡಿನ ಆಕ್ಸ್‌ಫರ್ಡ್. ಹುಡುಗನ ಹೆಸರು ಕಾನರ್ ಸ್ಪ್ಯಾರೋಹಾಕ್. ಆಗಷ್ಟೇ 18 ತುಂಬಿತ್ತು, ಬಸ್ಸು ಲಾರಿ ಅಂದರೆ ಪ್ರಾಣ. ಆಟಿಸಂ ಇತ್ತು, ಬುದ್ಧಿ ಬೆಳವಣಿಗೆಯ ತೊಂದರೆ ಇತ್ತು, ಮೂರ್ಛೆರೋಗವೂ ಇತ್ತು. ಮನೆಯಲ್ಲಿ ಸಂಭಾಳಿಸುವುದು ಕಷ್ಟವಾದಾಗ ಮಾರ್ಚ್‌ನಲ್ಲಿ ಸ್ಲೇಡ್ ಹೌಸ್ ಅನ್ನುವ ಕಡೆ ಒಂದು ಸಣ್ಣ ಘಟಕಕ್ಕೆ ಸೇರಿಸಿದ್ದರು. ರೋಗಿಗಳು ಬೆರಳೆಣಿಕೆಯಷ್ಟೇ. ಜುಲೈ 4ರ ಬೆಳಿಗ್ಗೆ ಸ್ನಾನಕ್ಕೆ ಹೋದ ಕಾನರ್ ಬಾತ್‌ಟಬ್ಬಿನ ನೀರಿನಲ್ಲಿ ಮುಳುಗಿ ಸತ್ತ. ಸೇರಿ 107 ದಿನವಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕಾನರ್‌ಗೆ ಇದ್ದ ಬುದ್ಧಿ ಬೆಳವಣಿಗೆಯ ತೊಂದರೆಗೆ ಬ್ರಿಟನ್ನಿನಲ್ಲಿ ‘ಲರ್ನಿಂಗ್ ಡಿಸೆಬಿಲಿಟಿ’ ಅನ್ನುತ್ತಾರೆ. ಅಂದರೆ ನಾವು ಅಂದುಕೊಳ್ಳುವ ಡಿಸ್‌ಲೆಕ್ಸಿಯಾ, ಓದು ಬರಹದ ತೊಂದರೆ, ಅಲ್ಲ. ನಮ್ಮಲ್ಲಿ ಬುದ್ಧಿಮಾಂದ್ಯ ಅಂತ ಕರೆಯುತ್ತಿದ್ದರಲ್ಲ, ಈಗ ಬೌದ್ಧಿಕ ಅಂಗವಿಕಲತೆ ಅನ್ನುತ್ತಾರೆ, ಅದು. ಅಲ್ಲಿನ ಸುದ್ದಿ ಓದುವಾಗ ನಮ್ಮವರು ಇದನ್ನು ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ.

ಈಗ ಆ ಬಾತ್‌ಟಬ್ಬಿನ ವಿಷಯಕ್ಕೆ ಬರೋಣ. ಫಿಟ್ಸ್ ಬಂದಾಗ ಪ್ರಜ್ಞೆ ತಪ್ಪುತ್ತದೆ, ಮೈಯೆಲ್ಲ ಸೆಟೆದುಕೊಂಡು ಆಮೇಲೆ ಅದುರುತ್ತದೆ. ಎದ್ದು ಕೂರಬೇಕು, ಕೂಗಬೇಕು, ಉಸಿರು ಹಿಡಿಯಬೇಕು ಅನ್ನುವುದು ಯಾವುದೂ ಆ ಹೊತ್ತಿನಲ್ಲಿ ಸಾಧ್ಯವಿಲ್ಲ. ಮುಖ ನೀರಿನೊಳಗಿದ್ದರೆ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸದ್ದೂ ಆಗುವುದಿಲ್ಲ. ಮಿದುಳಿಗೆ ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷದಲ್ಲೇ ಹಾನಿ ಶುರುವಾಗುತ್ತದೆ. ಅದಕ್ಕೇ ಮೂರ್ಛೆರೋಗ ಇರುವವರಿಗೆ ಡಾಕ್ಟರುಗಳು ಹೇಳುವುದು: ಟಬ್ಬಿಗಿಂತ ಶವರ್ ವಾಸಿ, ಬಾಗಿಲಿಗೆ ಚಿಲಕ ಬೇಡ, ಪಕ್ಕದಲ್ಲೇ ಒಬ್ಬರು ಇರಲಿ. ನಮ್ಮ ಬಕೆಟ್ಟು ಚೊಂಬಿನ ಸ್ನಾನದಲ್ಲಿ ಇಷ್ಟು ಅಪಾಯವಿಲ್ಲ, ತುಂಬಿದ ಟಬ್ಬಿನಲ್ಲಿ ಇದೆ. ಕಾನರ್ ಸ್ನಾನ ಮಾಡುವಾಗ 15 ನಿಮಿಷಕ್ಕೊಮ್ಮೆ ನೋಡಿ ಬಂದರೆ ಸಾಕು ಅನ್ನುವ ವ್ಯವಸ್ಥೆ ಆ ಘಟಕದಲ್ಲಿತ್ತು. ಲೆಕ್ಕ ಹಾಕಿ ನೋಡಿ. ನಾಲ್ಕೈದು ನಿಮಿಷದ ಅಪಾಯಕ್ಕೆ 15 ನಿಮಿಷದ ಕಾವಲು. ಅದು ಕಾವಲೇ ಅಲ್ಲ.

ಹಾಗಾದರೆ ತರಬೇತಿ ಪಡೆದ ನರ್ಸು, ಡಾಕ್ಟರು ಇದ್ದೂ ಹೀಗೆ ಯಾಕಾಯಿತು? ಕೆಟ್ಟ ಜನ ಅಂತ ಬೈದು ಸುಮ್ಮನಾಗಬಹುದು, ಆದರೆ ವಿಜ್ಞಾನ ಇನ್ನೊಂದು ಸಂಗತಿ ಹೇಳುತ್ತದೆ. 1982ರಲ್ಲಿ ಅಮೆರಿಕದ ಸ್ಟೀವನ್ ರೀಸ್ ಮತ್ತು ಸಂಗಡಿಗರು ಮನಶ್ಶಾಸ್ತ್ರಜ್ಞರ ಕೈಗೆ ಒಬ್ಬ ರೋಗಿಯ ವಿವರ ಕೊಟ್ಟರು. ವಿಪರೀತ ಭಯದಿಂದ ಬಳಲುತ್ತಿರುವವನ ಕಥೆ. ಕೆಲವರಿಗೆ ಕೊಟ್ಟ ಹಾಳೆಯಲ್ಲಿ ಅವನ ಬುದ್ಧಿಮಟ್ಟ ಕಡಿಮೆ ಅಂತಲೂ ಬರೆದಿತ್ತು, ಅಷ್ಟೇ ವ್ಯತ್ಯಾಸ. ಆ ಹಾಳೆ ಓದಿದವರಿಗೆ ಅದೇ ಭಯ ಅಷ್ಟು ದೊಡ್ಡ ಕಾಯಿಲೆಯಾಗಿ ಕಾಣಲೇ ಇಲ್ಲ. ಒಂದು ಹಣೆಪಟ್ಟಿಯ ನೆರಳು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಇದು ದೇಹದ ಕಾಯಿಲೆಗೂ ಅನ್ವಯಿಸುತ್ತದೆ. ಮಾತು ಬಾರದ ಹುಡುಗಿ ತಲೆ ಚಚ್ಚಿಕೊಳ್ಳುತ್ತಿದ್ದರೆ ‘ಅವಳು ಇರೋದೇ ಹಾಗೆ’ ಅಂತಾರೆ. ಹಲ್ಲುನೋವೋ ಕಿವಿಯ ಕೀವೋ ಇರಬಹುದು, ಬಾಯಿ ಬಿಡಿಸಿ ನೋಡಿದವರು ಯಾರು? ನಾಲ್ಕು ದಿನ ಮಲಬದ್ಧತೆಯಿಂದ ನರಳಿದವನು ರೇಗಾಡಿದರೆ ಜಾಸ್ತಿ ಸಿಗುವುದು ಮಂಪರು ಬರಿಸುವ ಮಾತ್ರೆ.

ಕಾನರ್ ಆ ಘಟಕಕ್ಕೆ ಸೇರಿದ ತಿಂಗಳೇ, ಅಂದರೆ 2013ರ ಮಾರ್ಚ್‌ನಲ್ಲಿ, ಒಂದು ವರದಿ ಬಂದಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇಂಥ 247 ಜನರ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ ಮೊದಲೇ ಸಾಯುತ್ತಿದ್ದರು, ಹೆಂಗಸರು 20 ವರ್ಷ ಮೊದಲೇ. ಎಷ್ಟೋ ಸಾವುಗಳಿಗೆ ಕಾರಣ ಆ ತೊಂದರೆಯಲ್ಲ, ಸಿಗಬೇಕಾದ ಚಿಕಿತ್ಸೆ ಹೊತ್ತಿಗೆ ಸಿಗದೇ ಇದ್ದದ್ದು. ಮುಂದೆ ಇಂಗ್ಲೆಂಡಿನಲ್ಲಿ ಇಂಥ ಸಾವುಗಳನ್ನು ಪರಿಶೀಲಿಸಲು ಲೆಡರ್ ಅನ್ನುವ ಯೋಜನೆ ಬಂತು. 2022ರ ಅದರ ಲೆಕ್ಕ ನೋಡಿ: ಇವರ ಸಾವುಗಳಲ್ಲಿ ಶೇಕಡಾ 42 ತಪ್ಪಿಸಬಹುದಾದವು, ಸಾಮಾನ್ಯ ಜನರಲ್ಲಿ ಶೇಕಡಾ 22.

ಕಾನರ್ ಸತ್ತಾಗ ಆಸ್ಪತ್ರೆ ನಡೆಸುತ್ತಿದ್ದ ಸದರ್ನ್ ಹೆಲ್ತ್ ಟ್ರಸ್ಟ್ ಮೊದಲು ಅದನ್ನು ಸಹಜ ಸಾವು ಅಂತಲೇ ಬರೆದುಕೊಂಡಿತ್ತು. ‘ಸಹಜ’ ಅಂತ ಬರೆದ ಮೇಲೆ ಮುಗಿಯಿತು, ಆಮೇಲೆ ಯಾರೂ ಏನೂ ಕೇಳಬೇಕಾಗಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಭಯ ಹುಟ್ಟಿಸುವುದು ಈ ಒಂದು ಪದ. ಬಾತ್‌ಟಬ್ಬಿನಲ್ಲಿ 18ರ ಹುಡುಗ ಮುಳುಗಿ ಸಾಯುವುದು ಯಾವ ಲೆಕ್ಕದಲ್ಲಿ ಸಹಜ?

ಮನೆಯವರು ಬಿಡಲಿಲ್ಲ. ಬೇರೆಯವರಿಂದ ತನಿಖೆ ಮಾಡಿಸಿದಾಗ 2014ರಲ್ಲಿ, ಈ ಸಾವನ್ನು ತಪ್ಪಿಸಬಹುದಿತ್ತು ಅಂತ ವರದಿ ಬಂತು. ಅಲ್ಲಿ ಅನುಮಾನದ ಸಾವುಗಳಿಗೆ ಇನ್‌ಕ್ವೆಸ್ಟ್ ಅನ್ನುವ ವಿಚಾರಣೆ ಇದೆ, ಕೆಲವಕ್ಕೆ ಜ್ಯೂರಿಯೂ ಕೂರುತ್ತದೆ. 2015ರ ಅಕ್ಟೋಬರ್‌ನಲ್ಲಿ ಜ್ಯೂರಿ ಹೇಳಿತು: ಫಿಟ್ಸ್ ಬಂದು ಮುಳುಗಿ ಸತ್ತ, ಅದಕ್ಕೆ ನಿರ್ಲಕ್ಷ್ಯವೂ ಕಾರಣ. ಅದೇ ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ವರದಿ ಬಂತು. 2011ರಿಂದ 2015ರವರೆಗೆ ಆ ಟ್ರಸ್ಟಿನ ಆರೈಕೆಯಲ್ಲಿದ್ದ 10,000ಕ್ಕೂ ಹೆಚ್ಚು ಜನರ ಸಾವುಗಳನ್ನು ಅದು ನೋಡಿತ್ತು. ಈ ಸಾವುಗಳ ಪೈಕಿ, ಮಾನಸಿಕ ಕಾಯಿಲೆಯ ವಯಸ್ಕರದ್ದಾದರೆ ಶೇಕಡಾ 30ರಷ್ಟು ತನಿಖೆಯಾಗಿದ್ದವು. ಬುದ್ಧಿ ಬೆಳವಣಿಗೆಯ ತೊಂದರೆ ಇದ್ದವರದ್ದು? ಶೇಕಡಾ 1. ಅದೇ ಹಣೆಪಟ್ಟಿಯ ನೆರಳು, ಈ ಸಲ ಡಾಕ್ಟರ ಕಣ್ಣಿನ ಮೇಲಲ್ಲ, ಕಚೇರಿಯ ಕಡತದ ಮೇಲೆ.

ಶಿಕ್ಷೆ ಏನಾಯಿತು ಅಂದರೆ, ಕಾನರ್‌ನ ಹೊಣೆ ಹೊತ್ತಿದ್ದ ವೈದ್ಯರನ್ನು 2018ರಲ್ಲಿ ಒಂದು ವರ್ಷ ಅಮಾನತು ಮಾಡಿದರು. ಅದೇ ವರ್ಷ ಮಾರ್ಚ್‌ನಲ್ಲಿ ಕೋರ್ಟು, ಇನ್ನೊಬ್ಬ ರೋಗಿಯ ಸಾವನ್ನೂ ಸೇರಿಸಿ, ಟ್ರಸ್ಟಿಗೆ ಒಟ್ಟು 20 ಲಕ್ಷ ಪೌಂಡ್ ದಂಡ ಹಾಕಿತು. ದೊಡ್ಡ ಮೊತ್ತವೇ. ಆದರೆ ಟ್ರಸ್ಟು ಸರಕಾರಿ ಆರೋಗ್ಯ ಸೇವೆಯದು, ಹಣ ಜನರ ತೆರಿಗೆಯದು. ಅದೇ ಹಣದಲ್ಲಿ ಇನ್ನಷ್ಟು ನರ್ಸುಗಳನ್ನು ಇಡಬಹುದಿತ್ತು ಅಂತ ಅನ್ನಿಸದೇ ಇರುವುದಿಲ್ಲ. ದಂಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಬೆಲೆಯುಳ್ಳದ್ದು ಆ ಶೇಕಡಾ 1 ಅನ್ನುವ ಅಂಕಿ ಹೊರಬಿದ್ದದ್ದು. ತಪ್ಪಾದರೆ ರೋಗಿಗೆ, ಮನೆಯವರಿಗೆ ಮುಚ್ಚಿಡದೆ ಹೇಳಲೇಬೇಕು ಅಂತ 2014ರ ನವೆಂಬರ್‌ನಿಂದ ಅಲ್ಲಿನ ಸರಕಾರಿ ಆಸ್ಪತ್ರೆಗಳಿಗೆ ಕಾನೂನೇ ಇದೆ. ಆದರೆ ತಪ್ಪಾಗಿದೆ ಅಂತ ಯಾರೂ ಹುಡುಕದೇ ಇದ್ದರೆ ಹೇಳುವುದಾದರೂ ಏನನ್ನು?

ಇನ್‌ಕ್ವೆಸ್ಟ್ ನಡೆಯುತ್ತಿದ್ದಾಗಲೇ ಇನ್ನೊಂದು ಸಂಗತಿ ಹೊರಗೆ ಬಂತು. 2006ರಲ್ಲಿ, ಆ ಘಟಕ ಬೇರೆ ಆಡಳಿತದ ಕೈಯಲ್ಲಿದ್ದಾಗ, ಇನ್ನೊಬ್ಬ ರೋಗಿ ಅಲ್ಲಿಯೇ ಸತ್ತಿದ್ದರು. ಅದೇ ಬಾತ್‌ಟಬ್ಬಿನಲ್ಲಿ. ಕಾನರ್ ಸತ್ತು ಎರಡು ವರ್ಷ ದಾಟುವ ತನಕ ಅವನ ಮನೆಯವರಿಗೆ ಅದನ್ನು ಯಾರೂ ಹೇಳಿರಲಿಲ್ಲ.