ಜೋರಾದ ಸ್ಪ್ರಿಂಗ್ ಬೇಡ, ಕೈ ಸಡಿಲ ಬಿಡಿ

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ನನ್ನ ಮೇಜಿನ ಮೇಲೆ ಹಳೇ ಏರ್‌ಗನ್‌ಗಳು ಸಾಲುಗಟ್ಟುತ್ತವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಎಲ್ಲರೂ ಅಟ್ಟ ಹುಡುಕುತ್ತಾರೆ. ಹೆಚ್ಚಿನವು ಜರ್ಮನಿಯ ಡಯಾನಾ 27, ಡಯಾನಾ 35. ಅಲ್ಲೊಂದು ಇಲ್ಲೊಂದು ಇಂಗ್ಲೆಂಡಿನ ಬಿಎಸ್‌ಎ. ಅಜ್ಜನದು, ಮಾವನದು, ಯಾರೋ ತೋಟ ಮಾರುವಾಗ ಬಿಟ್ಟುಹೋದದ್ದು. ತಂದವರ ಬಾಯಲ್ಲಿ ಮಾತ್ರ ಒಂದೇ ಮಾತು: “ಗುರಿ ನಿಲ್ತಾ ಇಲ್ಲ. ಸ್ವಲ್ಪ ಜೋರಾಗಿರೋ ಸ್ಪ್ರಿಂಗ್ ಹಾಕಿಕೊಡಿ.”

ಬೇಡ ಅಂತ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಟ್ರಿಗರ್ ಎಳೆದ ಕೂಡಲೇ ಪೆಲೆಟ್, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ಹೊರಡುವುದಿಲ್ಲ. ಈ ಒಂದು ಮಾತು ತಲೆಗೆ ಹೋದರೆ ಸಾಕು. ಮೊದಲು, ಬ್ಯಾರೆಲ್ ಮಡಚಿದಾಗ ಒತ್ತಿಕೊಂಡಿದ್ದ ಸ್ಪ್ರಿಂಗ್ ಬಿಚ್ಚಿಕೊಂಡು, ಕೊಳವೆಯೊಳಗೆ ಗಾಳಿ ಒತ್ತುವ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಭಾರದ ಪಿಸ್ಟನ್ ಮುಂದಕ್ಕೆ ಓಡುವಾಗ ಗನ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಇನ್ನೇನು ಕೊನೆ ಮುಟ್ಟಬೇಕು, ಆಗ ಗಾಳಿಯ ಒತ್ತಡ ಏರಿ ಪೆಲೆಟ್ ಜಾರಲು ಶುರುವಾಗುತ್ತದೆ. ಅಷ್ಟರಲ್ಲಿ ಪಿಸ್ಟನ್ ಆ ಒತ್ತಿದ ಗಾಳಿಗೆ ಬಡಿದು ಪುಟಿಯುತ್ತದೆ, ಗನ್ ಈಗ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಹೊರಗೆ ಬರುವ ಮೊದಲೇ ಗನ್ ಅಲುಗಾಡಿಬಿಟ್ಟಿರುತ್ತದೆ, ಅಲ್ವಾ? ಹಾಗಾದರೆ ಆ ಅಲುಗಾಟ ಪ್ರತಿ ಸಲವೂ ಒಂದೇ ಥರ ಇರಬೇಕು. ಅದೇ ಗುರಿ. ಬೇರೆ ಗುಟ್ಟಿಲ್ಲ.

ನಮ್ಮ ಕಡೆಯವರಿಗೆ ಕೋವಿ ಹಿಡಿದು ಅಭ್ಯಾಸ. ಕೋವಿಯನ್ನು ಭುಜಕ್ಕೆ ಒತ್ತಿ, ಬಿಗಿಯಾಗಿ ಹಿಡಿಯಬೇಕು. ಅದು ಒದೆಯುವುದು ನಮಗೆ ತಿಳಿಯುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತದೆ. ಅದೇ ಹಿಡಿತವನ್ನು ಏರ್‌ಗನ್‌ಗೂ ತರುತ್ತಾರೆ. ಆದರೆ ಮನುಷ್ಯನ ಕೈ ಎರಡು ಸಲ ಒಂದೇ ಬಿಗಿಯಲ್ಲಿ ಹಿಡಿಯುವುದಿಲ್ಲ. ಒಂದು ಸಲ ಗನ್ ಎಡಕ್ಕೆ ತಿರುಚುತ್ತದೆ, ಮತ್ತೊಂದು ಸಲ ಮೇಲಕ್ಕೆ ಹಾರುತ್ತದೆ. ಜೋರಾದ ಸ್ಪ್ರಿಂಗ್ ಹಾಕಿದರೆ ಈ ಜಗ್ಗಾಟ ಇನ್ನೂ ಜಾಸ್ತಿ. ರೋಗಕ್ಕೆ ರೋಗವನ್ನೇ ಮದ್ದು ಕೊಟ್ಟ ಹಾಗೆ.

1960ರ ದಶಕದಲ್ಲಿ ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿಯವರು ಸ್ಪರ್ಧೆಯ ಏರ್ ರೈಫಲ್ ಮಾಡುವಾಗ ಈ ಜಗ್ಗಾಟವನ್ನು ಬಿಗಿ ಹಿಡಿದು ಗೆಲ್ಲಲು ಹೋಗಲಿಲ್ಲ. ಟ್ರಿಗರ್ ಎಳೆದಾಗ ಬ್ಯಾರೆಲ್ಲೂ ಪಿಸ್ಟನ್ ಕೊಳವೆಯೂ ಗನ್ನಿನ ಮರದ ಹಿಡಿಯ ಮೇಲೆ ಹಳಿಯಲ್ಲಿ ಜಾರುವಂತೆ ಮಾಡಿದರು. ಡಯಾನಾದವರು ಎದುರುಬದುರು ಓಡುವ ಎರಡು ಪಿಸ್ಟನ್ ಇಟ್ಟು, ಒಂದರ ಜಗ್ಗಾಟವನ್ನು ಇನ್ನೊಂದು ತಡೆಯುವಂತೆ ಮಾಡಿದರು. ನಮ್ಮ 27ರಲ್ಲಿ ಹಳಿಯೂ ಇಲ್ಲ, ಎರಡನೇ ಪಿಸ್ಟನ್ನೂ ಇಲ್ಲ. ಆ ಕೆಲಸವನ್ನು ನಿಮ್ಮ ಕೈಯೇ ಮಾಡಬೇಕು.

ಎಡಗೈ ಬಿಚ್ಚಿ, ಅಂಗೈ ಮೇಲೆ ಗನ್ ಇಡಿ. ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತಲಿನ ಬಳೆಯ, ಸ್ವಲ್ಪ ಮುಂದೆ. ಬೆರಳು ಮಡಚಿ ಹಿಡಿಯಬೇಡಿ. ಭುಜಕ್ಕೆ ತಾಗಿದರೆ ಸಾಕು, ಒತ್ತಬೇಡಿ. ಕೆನ್ನೆ ಸುಮ್ನೆ ಮರವನ್ನು ಮುಟ್ಟಿರಲಿ. ಬ್ಯಾರೆಲ್ಲನ್ನು ಗೋಡೆ ಮೇಲೆ ಒರಗಿಸಿ ಹೊಡೆಯುವುದಂತೂ ಬೇಡವೇ ಬೇಡ. ಆಸರೆ ಬೇಕಿದ್ದರೆ ಭತ್ತದ ಮೂಟೆ ಮೇಲೆ ಕೈ ಇಡಿ, ಕೈ ಮೇಲೆ ಗನ್ ಇಡಿ. ಅಂಗೈ ಎಲ್ಲಿರಬೇಕು ಅನ್ನುವುದು ಒಂದೊಂದು ಗನ್‌ಗೆ ಒಂದೊಂದು ಥರ. ಎರಡು ಸೆಂಟಿಮೀಟರ್ ಮುಂದೆ ಹಿಂದೆ ಮಾಡಿ ನೋಡಿ, ಚೆನ್ನಾಗಿ ಬಿದ್ದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ.

ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ತಂದೆಯ ಡಯಾನಾ 27 ತಂದಿದ್ದರು. ಬೇರೆ ಊರಲ್ಲಿ ದಪ್ಪ ಸ್ಪ್ರಿಂಗ್ ಹಾಕಿಸಿದ್ದರು. ಸ್ಕ್ರೂ ಪಕ್ಕದಲ್ಲಿ ಮರ ಸೀಳಿತ್ತು. 10 ಮೀಟರ್‌ನಲ್ಲಿ ಐದು ಹೊಡೆದರೆ ತೂತುಗಳು ಅಂಗೈ ಅಗಲಕ್ಕೆ ಹರಡಿದ್ದವು. ಪುಣ್ಯಕ್ಕೆ ಹಳೇ ಸ್ಪ್ರಿಂಗನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಮುರಿದಿರಲಿಲ್ಲ, ಬಾಗಿರಲಿಲ್ಲ. ಅದನ್ನೇ ವಾಪಸ್ ಹಾಕಿದೆ. ಮರ ಒರೆಸುವಾಗ ಒಂದು ವಿಷಯ ಕಂಡಿತು. ಎರಡೂ ಬದಿಯಲ್ಲಿ ವಾರ್ನಿಷ್ ಹಾಗೇ ಇದೆ, ಟ್ರಿಗರ್ ಗಾರ್ಡಿನ ಮುಂದೆ ತಳದಲ್ಲಿ ಮಾತ್ರ ಸವೆದು ನುಣ್ಣಗಾಗಿದೆ. “ಸಾರ್, ನಿಮ್ಮ ಅಪ್ಪ ಇದನ್ನು ಹಿಡೀತಾನೇ ಇರಲಿಲ್ಲ, ಅಂಗೈ ಮೇಲೆ ಇಡ್ತಿದ್ರು” ಅಂದೆ. ಅವರು ಸ್ವಲ್ಪ ಹೊತ್ತು ಆ ಜಾಗವನ್ನೇ ಸವರುತ್ತಾ ನಿಂತರು. ಆಮೇಲೆ ಹೊಡೆದ ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು.

ಎಲ್ಲ ಗನ್ನಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಬ್ಯಾರೆಲ್ ಬಾಗಿದ್ದರೆ ಹಿಡಿತದಿಂದ ಏನೂ ಆಗದು. ಸ್ಪ್ರಿಂಗ್ ನಿಜವಾಗಿಯೂ ಮುರಿದಿದ್ದರೆ ಬದಲಿಸಲೇಬೇಕು, ಆದರೆ ಮೊದಲಿದ್ದ ಅಳತೆಯದನ್ನೇ ಹಾಕಬೇಕು. ಮುಂದಿನ ಎರಡು ಸ್ಕ್ರೂ, ಗಾರ್ಡಿನ ಸ್ಕ್ರೂ ಬಿಗಿ ಇವೆಯಾ ನೋಡಿ. ಬ್ಯಾರೆಲ್ ಮಡಚುವ ಸಂದಿಯ ಮೇಲೆ ತೆಳು ಟಿಶ್ಯೂ ಕಾಗದದ ಚೂರು ಇಟ್ಟು ಒಂದು ಸಲ ಹೊಡೆಯಿರಿ. ಅದು ಹಾರಿದರೆ ಆ ಸಂದಿಯ ವಾಷರ್ ಗಾಳಿ ಬಿಡುತ್ತಿದೆ ಎಂದರ್ಥ. ಪಿಸ್ಟನ್ನಿನ ತೊಗಲಿನ ವಾಷರ್‌ಗೆ ಒಂದೆರಡು ಹನಿ ಎಣ್ಣೆ ಸಾಕು. ಸುರಿದರೆ ಎಣ್ಣೆ ಒಳಗೇ ಹೊತ್ತಿಕೊಂಡು ಢಂ ಅನ್ನುತ್ತದೆ. ಅದನ್ನು ಪವರ್ ಅಂದುಕೊಳ್ಳಬೇಡಿ, ಅದು ಗನ್ನಿಗೆ ಪೆಟ್ಟು. ಪೆಲೆಟ್ ಹಾಕದೆ ಹೊಡೆಯುವುದೂ ಅಷ್ಟೇ.

ಪೆಲೆಟ್ ಹಾಕುವಾಗ ಮಡಚಿದ ಬ್ಯಾರೆಲ್ಲನ್ನು ಕೈಯಲ್ಲಿ ಹಿಡಿದಿರಿ. ಸ್ಪ್ರಿಂಗನ್ನು ತಡೆದಿರುವ ಕೊಂಡಿ ಜಾರಿದರೆ ಬೆರಳು ಹೋಗುತ್ತದೆ. ಕಾಯಿಗೆ ಹೊಡೆಯಿರಿ, ಕಾಗದಕ್ಕೆ ಹೊಡೆಯಿರಿ. ಕಾಡಿನ ಹಕ್ಕಿ, ಪ್ರಾಣಿಗಳ ಮೇಲೆ ಹಾರಿಸಲು ಅಂತ ಗನ್ ತಂದರೆ ನಾನು ಮುಟ್ಟುವುದಿಲ್ಲ.

ಈ ಸಲ ಬರುವ ಮೊದಲು ಒಂದು ಕೆಲಸ ಮಾಡಿ. 10 ಮೀಟರ್ ದೂರದಿಂದ ಬಿಗಿ ಹಿಡಿದು ಐದು, ಅಂಗೈ ಮೇಲಿಟ್ಟು ಐದು ಹೊಡೆಯಿರಿ. ಬೇರೆ ಬೇರೆ ಕಾಗದಕ್ಕೆ. ಎರಡೂ ಕಾಗದವನ್ನು ಗನ್ ಜೊತೆ ತನ್ನಿ. ಸ್ಪ್ರಿಂಗ್ ಮಾತು ಆಮೇಲೆ ಆಡೋಣ.