ಸ್ಪ್ರೇ ಹೊಡೆದರೂ ಮತ್ತೆ ಬರುವ ಕಪ್ಪು ಇರುವೆ

ಪ್ರಶ್ನೆ: ಧಾರವಾಡದಲ್ಲಿ ನಮ್ಮದು ಹಳೇ ಹಂಚಿನ ಮನೆ. ಮಳೆ ಶುರುವಾದರೆ ಸಾಕು, ಸಣ್ಣ ಕಪ್ಪು ಇರುವೆಗಳು ಮನೆ ತುಂಬ ಓಡಾಡುತ್ತವೆ. ಚಾಕ್ ಗೆರೆ ಎಳೆದೆವು, ಸ್ಪ್ರೇ ಹೊಡೆದೆವು. ಸ್ವಲ್ಪ ದಿನ ಬಿಟ್ಟು ಸ್ವಿಚ್ ಬೋರ್ಡಿನಿಂದ ಹೊರಬಂದವು! ಇವುಗಳ ಗೂಡು ಎಲ್ಲಿರುತ್ತದೆ?

ಉತ್ತರ: ಮೊದಲು ಅವು ಓಡುವ ರೀತಿ ನೋಡಿ. ನೆಟ್ಟಗೆ ಸಾಲು ಹಿಡಿಯದೆ, ದಿಕ್ಕು ತಪ್ಪಿದಂತೆ ಅತ್ತಿತ್ತ ಜೋರಾಗಿ ಓಡುತ್ತಿವೆಯಾ? ಕಾಲು, ಮೀಸೆ ಎರಡೂ ಮೈಗೆ ಹೋಲಿಸಿದರೆ ತೀರಾ ಉದ್ದ ಇವೆಯಾ? ಹಾಗಿದ್ದರೆ ಅದು ಪ್ಯಾರಾಟ್ರೆಕಿನಾ ಲಾಂಗಿಕಾರ್ನಿಸ್ ಎಂಬ ಜಾತಿಯ ಇರುವೆ ಇರಬೇಕು. ಮೈ ಸುಮಾರು 3 ಮಿಲಿಮೀಟರ್ ಅಷ್ಟೇ. ಚುಚ್ಚಲು ಕೊಂಡಿ ಇಲ್ಲ.

ಗೂಡು ಎಲ್ಲಿ ಅಂತ ಕೇಳಿದಿರಿ. ತೊಂದರೆ ಇರುವುದೇ ಅಲ್ಲಿ. ಇದಕ್ಕೆ ಖಾಯಂ ಗೂಡು ಅಂತ ಇಲ್ಲ. ಗೋಡೆಯ ಬಿರುಕು, ಹೂಕುಂಡದ ಅಡಿ, ಕಲ್ಲಿನ ಕೆಳಗೆ, ಕೊಳೆತ ಕಟ್ಟಿಗೆ, ಹಿತ್ತಲಿನ ಕಸ, ಕೊನೆಗೆ ಸ್ವಿಚ್ ಬೋರ್ಡ್ ಕೂಡ ನಡೆಯುತ್ತದೆ. ಒಣಗಿದ್ದರೂ ಸರಿ, ಹಸಿ ಇದ್ದರೂ ಸರಿ. ಒಂದು ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ನೀರು ನುಗ್ಗಿದರೆ, ಯಾರಾದರೂ ಕೆದಕಿದರೆ ಮೊಟ್ಟೆ, ಮರಿ ಕಚ್ಚಿಕೊಂಡು ಬೇರೆ ಕಡೆ ಹೊರಟೇಬಿಡುತ್ತವೆ. ಧಾರವಾಡದ ಮಳೆಗಾಲದಲ್ಲಿ ಅಂಗಳ ನೆನೆದರೆ ನಿಮ್ಮ ಮನೆಯಷ್ಟು ಬೆಚ್ಚಗಿನ ಜಾಗ ಇನ್ನೆಲ್ಲಿದೆ ಹೇಳಿ! ಸ್ಪ್ರೇಗೆ ಸಾಯುವುದು ಹೊರಗೆ ತಿರುಗುವ ಕೆಲಸಗಾರ ಇರುವೆಗಳು ಮಾತ್ರ. ರಾಣಿಗಳು ಒಳಗೆ ಆರಾಮಾಗಿರುತ್ತವೆ.

ಇದೇ ಗುಣದಿಂದ ಅದು ಲೋಕವನ್ನೆಲ್ಲ ಸುತ್ತಿದೆ. ತಾನಾಗಿ ಹೊರಟರೆ ಅದು ಹೋಗುವುದು ಸ್ವಲ್ಪ ದೂರವಷ್ಟೇ. ದೂರದ ಪ್ರಯಾಣಕ್ಕೆ ನಾವೇ ವಾಹನ. ಹಡಗಿನ ಸರಕು, ನರ್ಸರಿ ಗಿಡದ ಮಣ್ಣು, ಪೆಟ್ಟಿಗೆಯ ಸಂದು, ಎಲ್ಲಿ ಬೇಕಾದರೂ ಕೂತು ಬರುತ್ತದೆ. ವಿಜ್ಞಾನಿಗಳು 1802ರಲ್ಲಿ ಇದನ್ನು ಮೊದಲು ವಿವರಿಸಿದ್ದು ಆಫ್ರಿಕಾದ ಸೆನೆಗಲ್‌ನಲ್ಲಿ ಸಿಕ್ಕ ಇರುವೆ ನೋಡಿ. ಹಾಗಂತ ಅದರ ತವರು ಅದೇ ಅಂತ ಹೇಳಲಾಗದು. ಆಗ್ನೇಯ ಏಷ್ಯಾದ ಕಡೆಯದೋ ಆಫ್ರಿಕಾದ್ದೋ ಎನ್ನುವ ಚರ್ಚೆ ಇದೆ. ಬಿಸಿಲಿನ ನಾಡುಗಳಲ್ಲಂತೂ ಎಲ್ಲೆಡೆ ಇದೆ. ಚಳಿಯ ಸ್ವೀಡನ್, ಎಸ್ಟೋನಿಯಾದಲ್ಲೂ ಕಟ್ಟಡಗಳ ಒಳಗೆ ಸಿಕ್ಕಿದೆ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ದೊಡ್ಡ ಗಾಜಿನ ಮನೆ ಇದೆ. ಹೊರಗಿನ ಸಂಪರ್ಕವೇ ಬೇಡ ಎಂದು ಕಟ್ಟಿದ್ದು. 1996ರ ಹೊತ್ತಿಗೆ ಅದರೊಳಗೂ ಇದರದೇ ದರ್ಬಾರು!

ಹೀಗಾಗಿ ಪೂರ್ತಿ ಓಡಿಸುತ್ತೇನೆ ಅಂತ ಹಟ ಹಿಡಿಯಬೇಡಿ. ಬಿರುಕಿಗೆ ಸಿಮೆಂಟ್ ಮೆತ್ತಿ. ಗೋಡೆಗೆ ಒರಗಿಸಿದ ಕುಂಡ, ಕಟ್ಟಿಗೆ ದೂರ ಇಡಿ. ಪೇಢೆ, ಬೆಲ್ಲದ ಡಬ್ಬಿ ಬಿಗಿಯಾಗಿರಲಿ. ಹಿತ್ತಲಿನ ದಾಸವಾಳವನ್ನೂ ಒಮ್ಮೆ ನೋಡಿ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದ್ದರೆ, ಅವು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತಲೇ ಇರುತ್ತದೆ. ಅಂಥ ಟೊಂಗೆ ಕತ್ತರಿಸಿ. ಸ್ವಿಚ್ ಬೋರ್ಡಿಗೆ ಮಾತ್ರ ಸ್ಪ್ರೇ ಹೊಡೆಯಬೇಡಿ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ ಸ್ವಚ್ಛ ಮಾಡಿಸಿ.