ನಾಲ್ಕಕ್ಕೆ ‘ಶಿ’ ಸರಿಯೋ ‘ಯೊನ್’ ಸರಿಯೋ?

ಪ್ರಶ್ನೆ: ಜಪಾನಿ ಭಾಷೆಯಲ್ಲಿ ನಾಲ್ಕಕ್ಕೆ ಶಿ, ಯೊನ್ ಎಂದು ಎರಡು ಹೆಸರು ಕಲಿಸಿದ್ದಾರೆ. ‘ಶಿ’ ಎಂದರೆ ಸಾವು, ಆದ್ದರಿಂದ ಎಲ್ಲ ಕಡೆಯೂ ‘ಯೊನ್’ ಎನ್ನಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಹೊಸ ತಂಡ ಬಂದಾಗಲೆಲ್ಲ ಮೊದಲ ವಾರವೇ ಇದನ್ನು ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಇಡುತ್ತೇನೆ.

‘ಶಿ’ ಸಾವಿನ ಪದದಂತೆ ಕೇಳಿಸುತ್ತದೆ, ಹೌದು. ಜಪಾನಿನ ಕೆಲವು ಆಸ್ಪತ್ರೆಗಳಲ್ಲಿ 4ನೇ ನಂಬರಿನ ಕೋಣೆ ಇರುವುದಿಲ್ಲ, ಅದೂ ಹೌದು. ಆದರೆ ಅಷ್ಟಕ್ಕೇ ವ್ಯಾಕರಣದ ನಿಯಮ ಕಟ್ಟಬೇಡಿ. ಏಪ್ರಿಲ್ ತಿಂಗಳಿಗೆ ‘ಶಿಗತ್ಸು’ ಎನ್ನದೆ ಗತಿಯಿಲ್ಲ. ಮಕ್ಕಳು ಹೊಸದಾಗಿ ಶಾಲೆಗೆ ಸೇರುವ ತಿಂಗಳು ಅದು. ಯಾರೂ ಅಪಶಕುನ ಎಂದು ಬಾಯಿ ಮುಚ್ಚಿಕೊಳ್ಳುವುದಿಲ್ಲ. ದೇಶದ ನಾಲ್ಕು ದೊಡ್ಡ ದ್ವೀಪಗಳಲ್ಲಿ ಒಂದರ ಹೆಸರೇ ಶಿಕೊಕು, ಅಂದರೆ ನಾಲ್ಕು ನಾಡು. ನಾಲ್ಕು ಋತುಗಳು ‘ಶಿಕಿ’. ಒಂದರಿಂದ ಹತ್ತು ಎಣಿಸುವಾಗ ‘ಇಚಿ, ನಿ, ಸನ್, ಶಿ’ ಎಂದೇ ಎಣಿಸುತ್ತಾರೆ. ಹತ್ತರಿಂದ ಕೆಳಗಿಳಿಯುವಾಗ ಮಾತ್ರ ಅದೇ ಜನ ‘ಯೊನ್’ ಎನ್ನುತ್ತಾರೆ. ಇಳಿಯುವಾಗ ಅಂಟುವ ಸಾವಿನ ಭಯ ಏರುವಾಗ ಏಕೆ ಅಂಟಲಿಲ್ಲ? ಇನ್ನು ಏಳನ್ನು ನೋಡಿ. ‘ಶಿಚಿ’ಗೂ ಸಾವಿಗೂ ಸಂಬಂಧವಿಲ್ಲ, ಆದರೂ ಅದಕ್ಕೆ ‘ನನ’ ಎಂಬ ಇನ್ನೊಂದು ಹೆಸರಿದೆ. ಫೋನಿನಲ್ಲಿ ನಂಬರ್ ಹೇಳುವಾಗ ‘ಇಚಿ’, ‘ಶಿಚಿ’ ಕಲಸಿಹೋಗುತ್ತವೆ. ಅಲ್ಲಿ ‘ನನ’ವೇ ಸ್ಪಷ್ಟ.

‘ಶಿ’ ಚೀನಾದಿಂದ ಬಂದದ್ದು, ‘ಯೊನ್’ ಮನೆಯದು. ಕನ್ನಡಿಗರಿಗೆ ಇದು ಹೊಸದಲ್ಲ. ಚತುರ್ಭುಜ, ಚೌತಿ, ನಾಲ್ವರು, ನಾನೂರು ಎಂದು ದಿನವೂ ಹೇಳುತ್ತೇವೆ. ‘ನಾಲ್ಕುನೂರು’ ಏಕಲ್ಲ ಎಂದು ಯಾರನ್ನಾದರೂ ಕೇಳಿದ್ದೀರಾ? ಜೊತೆಗೆ ಬರುವ ಪದ ಯಾವ ರೂಪವನ್ನು ಒಪ್ಪುತ್ತದೋ ಅದು ಬರುತ್ತದೆ. ಏಪ್ರಿಲ್ 4, ನಾಲ್ಕು ಗಂಟೆ ನಾಲ್ಕು ನಿಮಿಷ ಎನ್ನಲು ‘ಶಿಗತ್ಸು ಯೊಕ್ಕ ಯೊಜಿ ಯೊಂಪುನ್’ ಎನ್ನಬೇಕು. ಬರೆಯುವ ಅಕ್ಷರ ನಾಲ್ಕು ಸಲವೂ ಒಂದೇ, ಬಾಯಿಗೆ ಬರುವುದು ಶಿ, ಯೊಕ್, ಯೊ, ಯೊನ್. ಆದ್ದರಿಂದ ಅಂಕಿಯನ್ನು ಒಂಟಿಯಾಗಿ ಉರು ಹೊಡೆಯಬೇಡಿ. ‘ಯೊಜಿ’ಯನ್ನು ಇಡೀ ಪದವಾಗಿಯೇ ಕಲಿಯಿರಿ.

ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ನೂರು ‘ಹ್ಯಕು’, ಮುನ್ನೂರು ‘ಸಂಬ್ಯಕು’, ಆರುನೂರು ‘ರೊಪ್ಯಕು’. ಹಕಾರ ಒಮ್ಮೆ ಬಕಾರ, ಒಮ್ಮೆ ಪಕಾರ ಆಗುವುದೇಕೆ ಎಂದು ಕಲಿಯುವವರು ತಲೆ ಕೆಡಿಸಿಕೊಳ್ಳುತ್ತಾರೆ. ಜಪಾನಿಯ ಈ ಹಕಾರ ಹಿಂದೆ ಪಕಾರವಾಗಿತ್ತು. ನಮ್ಮ ‘ಹತ್ತು’ ಕೂಡ ಹಳಗನ್ನಡದಲ್ಲಿ ‘ಪತ್ತು’. ಒಂಟಿಯಾಗಿದ್ದಾಗ ಅದು ಹತ್ತು ಆಯಿತು. ಎಂಬತ್ತರಲ್ಲಿ ಬಕಾರ, ಇಪ್ಪತ್ತರಲ್ಲಿ ಪಕಾರ ಇಂದಿಗೂ ಉಳಿದಿದೆ. ಹತ್ತು, ಎಂಬತ್ತು, ಇಪ್ಪತ್ತು. ಹ್ಯಕು, ಸಂಬ್ಯಕು, ರೊಪ್ಯಕು. ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಹೇಳಿ ನೋಡಿ. ನಾನೂರು ಮಾತ್ರ ನಡುವೆ ‘ನ್’ ಇದ್ದರೂ ಬದಲಾಗದೆ ‘ಯೊನ್‌ಹ್ಯಕು’ ಎಂದೇ ನಿಂತಿದೆ, ಅದನ್ನು ಬಾಯಿಪಾಠ ಮಾಡಿಕೊಳ್ಳಿ.